ಹಿಮ್ಮಡಿಯ ಗಾಯ ನೋಯದಿರುವುದು ಏಕೆ?
12 ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು, ಹಾವೇರಿಯ ಹೊಲದಲ್ಲಿ ಬರಿಗಾಲಲ್ಲೇ ದುಡಿಯುವ ನಿಮ್ಮ ತಂದೆಯವರ ಹಿಮ್ಮಡಿಯ ಒಡಕು 3 ವಾರವಾದರೂ ಮಾಯದೆ, ನೋಯದೆ ಇರುವುದಕ್ಕೆ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಂಡಿರುವುದೇ ಬಹುಮಟ್ಟಿಗೆ ಕಾರಣ. ನೋವಿಲ್ಲವೆಂದು ದಯವಿಟ್ಟು ಸಮಾಧಾನಪಡಬೇಡಿ. ಅವರು ಸೇದುವ ಬೀಡಿಯಿಂದ ಕಾಲಿನ ರಕ್ತಸಂಚಾರವೂ ಕುಗ್ಗಿರಬಹುದು, ಆದರೆ ಪಾದದ ನಾಡಿ ಪರೀಕ್ಷಿಸದೆ ಅದನ್ನು ಹೇಳಲಾಗದು. ಇಂದೇ ಗಾಯವನ್ನು ಶುದ್ಧ ನೀರಿನಿಂದ ತೊಳೆದು, ಒಣಗಿದ ಸ್ವಚ್ಛ ಬಟ್ಟೆ ಕಟ್ಟಿ, ಆ ಕಾಲಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ. ಬಿಸಿನೀರಿನಲ್ಲಿ ಕಾಲು ಇಡಿಸಬೇಡಿ. ನನ್ನ ತಾಯಿಯವರಿಗೆ ಹಾಗೆ ಕಾಲು ಸುಟ್ಟದ್ದೇ ತಿಳಿದಿರಲಿಲ್ಲ. ನಾಳೆಯೇ ಜಿಲ್ಲಾಸ್ಪತ್ರೆಯಲ್ಲಿ ಗಾಯ ತೋರಿಸಿ, 10 ಗ್ರಾಂ ಮೊನೊಫಿಲಮೆಂಟ್ ಪರೀಕ್ಷೆ (ತೆಳು ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿ ಸ್ಪರ್ಶಜ್ಞಾನ ನೋಡುವುದು) ಮತ್ತು ನಾಡಿ ಪರೀಕ್ಷೆಯನ್ನು ಕೇಳಿ ಮಾಡಿಸಿ. ಕೀವು, ಕಪ್ಪಾಗುವಿಕೆ, ಹರಡುವ ಕೆಂಪು ಅಥವಾ ಜ್ವರ ಕಂಡರೆ ಬೆಳಗಿಗೆ ಕಾಯದೆ ಹುಬ್ಬಳ್ಳಿಯ ಕೆಎಂಸಿಆರ್‌ಐ, ಅಂದರೆ ಹಿಂದಿನ ಕಿಮ್ಸ್‌ನಂಥ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ.