ನೀಲಿ ಗೆರೆ ಇದ್ದ ಮೇಲೆ ಗೈಡ್ ಯಾಕೆ?

ಹೋದ ಸಂಚಿಕೆಯಲ್ಲಿ ಜಪಾನಿನ ಹಳ್ಳಿಗಾಡಿನಲ್ಲಿ ಎಂಟು ದಿನ ಗೈಡ್ ಜೊತೆ ಸೈಕಲ್ ತುಳಿದದ್ದನ್ನು ಒಂದು ಪುಟದಲ್ಲಿ ಬರೆದಿದ್ದೆ. ಮೇ ತಿಂಗಳ ಪ್ರವಾಸ. ಮೊದಲ ಮೂರು ದಿನ ಗಿಫು ಪ್ರಾಂತ್ಯದ ಹಿದಾ ಫುರುಕಾವಾ ಊರಿನ ಸುತ್ತಮುತ್ತ. ಆಮೇಲೆ ರೈಲು ಹತ್ತಿ ಹಿರೋಶಿಮಾ ಪ್ರಾಂತ್ಯದ ಒನೊಮಿಚಿಗೆ. ಅಲ್ಲಿಂದ ಶಿಮಾನಾಮಿ ಕೈದೊ ಎಂಬ ದಾರಿ ಹಿಡಿದು, ದ್ವೀಪದಿಂದ ದ್ವೀಪಕ್ಕೆ ಸೇತುವೆ ದಾಟುತ್ತಾ ಇಮಾಬಾರಿವರೆಗೆ. ನಾವು ಏಳು ಜನ, ಒಬ್ಬ ಗೈಡ್, ಹಿಂದೆ ಒಂದು ವ್ಯಾನ್. ನನಗೆ ಐವತ್ತೆಂಟು. ಇಷ್ಟೊಂದು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ.

ಪ್ರಶ್ನೆ: ಮೇಡಂ, ಶಿಮಾನಾಮಿಯಲ್ಲಿ ರಸ್ತೆಯಂಚಿಗೆ ನೀಲಿ ಗೆರೆ ಎಳೆದಿದ್ದಾರೆ, ಅದನ್ನೇ ಹಿಡಿದು ಹೋದರೆ ದಾರಿ ತಪ್ಪುವುದೇ ಇಲ್ಲ ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಗೈಡ್‌ಗೆ ದುಡ್ಡು ಸುರಿಯೋದು ಯಾಕೆ?

ಉತ್ತರ: ಸರಿಯಾಗಿ ಹಿಡಿದಿರಿ. ದಾರಿ ತೋರಿಸುವುದಕ್ಕೆ ಅಲ್ಲಿ ಗೈಡ್ ಬೇಡವೇ ಬೇಡ. ಒನೊಮಿಚಿಯಿಂದ ಇಮಾಬಾರಿಗೆ ಸುಮಾರು 70 ಕಿಲೋಮೀಟರ್. ಗೆರೆ ನಿಮ್ಮನ್ನು ತಲುಪಿಸುತ್ತದೆ. ಆದರೆ ಗೆರೆಗೆ ನಿಲ್ಲಿಸುವುದಕ್ಕೆ ಬರುವುದಿಲ್ಲ.

ಇಕುಚಿಜಿಮಾ ಮತ್ತು ಒಮಿಶಿಮಾ ದ್ವೀಪಗಳ ನಡುವೆ ತತಾರಾ ಸೇತುವೆ ಇದೆ. 1999ರಲ್ಲಿ ತೆರೆದದ್ದು, ಉದ್ದ 1,480 ಮೀಟರ್. ಎದುರುಗಾಳಿ ಜೋರಾಗಿತ್ತು. ನಾವೆಲ್ಲ ತಲೆ ತಗ್ಗಿಸಿ ತುಳಿಯುತ್ತಿದ್ದೆವು. ಗೋಪುರದ ಬುಡಕ್ಕೆ ಬಂದಾಗ ಗೈಡ್ ಕೈ ಎತ್ತಿ ನಿಲ್ಲಿಸಿದ. ಅಲ್ಲಿ ಮರದ ಎರಡು ತುಂಡು ಇಟ್ಟಿದ್ದಾರೆ. ನನ್ನ ಕೈಗೆ ಕೊಟ್ಟು, ಒಂದಕ್ಕೊಂದು ಹೊಡೆಯಿರಿ ಅಂದ. ಟಕ್ ಅಂತ ಒಂದು ಹೊಡೆದೆ. ಆ ಸದ್ದು ಗೋಪುರದ ಎರಡು ಕಾಲಿನ ನಡುವೆ ಬಡಿದು, ಬಡಿದು, ಟರ್ರ್ ಅಂತ ಮೇಲಕ್ಕೆ ಏರಿತು. ಯಾವುದೋ ಪ್ರಾಣಿ ಗಂಟಲಲ್ಲೇ ಗುರುಗುಟ್ಟಿದ ಹಾಗೆ. ಇದಕ್ಕೆ ‘ಅಳುವ ಡ್ರ್ಯಾಗನ್’ ಅಂತ ಹೆಸರು. ನಾವು ಏಳೂ ಜನ ಮಕ್ಕಳ ಹಾಗೆ ಸರದಿಯಲ್ಲಿ ನಿಂತು ಹೊಡೆದೆವು. ಅಷ್ಟರಲ್ಲಿ ಹನ್ನೊಂದು ಸೈಕಲ್ ನಮ್ಮನ್ನು ದಾಟಿ ಹೋದವು. ನಾನೇ ಎಣಿಸಿದೆ. ಒಬ್ಬರೂ ನಿಲ್ಲಲಿಲ್ಲ, ಪಾಪ, ಅವರು ಗೆರೆ ನೋಡುತ್ತಿದ್ದರು.

ಹಿದಾ ಫುರುಕಾವಾದಲ್ಲಿ ಇನ್ನೊಂದು. ಅಲ್ಲಿ ಬಿಳಿ ಗೋಡೆಯ ಹಳೇ ಉಗ್ರಾಣಗಳ ಪಕ್ಕ ಸೆತೊ ಕಾಲುವೆ ಹರಿಯುತ್ತದೆ. ತುಂಬ ಬಣ್ಣಬಣ್ಣದ ಕೋಯಿ ಮೀನು. ಬಂದವರೆಲ್ಲ ಬಗ್ಗಿ ಮೀನು ನೋಡುತ್ತಾರೆ, ನಾವೂ ನೋಡಿದೆವು. ಎರಡನೇ ದಿನ ಗೈಡ್, ಇವತ್ತು ಮೇಲೆ ನೋಡಿ ಅಂದ. ಮನೆಗಳ ಸೂರಿನ ಕೆಳಗೆ, ತೊಲೆಯನ್ನು ಹೊತ್ತ ಮರದ ತುದಿಯಲ್ಲಿ, ಬಿಳಿ ಬಣ್ಣ ಬಳಿದ ಸುರುಳಿ ಕೆತ್ತನೆ. ಅದಕ್ಕೆ ‘ಕುಮೊ’ ಅಂತಾರೆ, ಮೋಡ ಅಂತ ಅರ್ಥ. ಆ ಊರಿನ ಒಬ್ಬೊಬ್ಬ ಬಡಗಿಗೂ ತನ್ನದೇ ಮಾದರಿ. ಬಡಗಿಯ ಸಹಿ ಇದ್ದ ಹಾಗೆ. ಈ ಮನೆ ಕಟ್ಟಿದವನೇ ಆ ಮೂಲೆ ಮನೆಯನ್ನೂ ಕಟ್ಟಿದ್ದು ಅಂತ ಊರಿನವರು ಕೆತ್ತನೆ ನೋಡಿಯೇ ಹೇಳುತ್ತಾರೆ. ಆವತ್ತು ಸಂಜೆ ಏಳೂ ಜನಕ್ಕೆ ಕತ್ತು ನೋವು.

ಊರಾಚೆ ಗದ್ದೆಯಲ್ಲಿ ನಾಟಿ ನಡೆಯುತ್ತಿತ್ತು. ನಾಟಿ ಯಂತ್ರ ಮೂಲೆಗೆ ಬಂದಾಗ ತಿರುಗಬೇಕಲ್ಲ, ಅಲ್ಲಿ ಪೈರು ಬೀಳುವುದಿಲ್ಲ. ಆ ಖಾಲಿ ಜಾಗಕ್ಕೆ ಒಬ್ಬ ಅಜ್ಜಿ ಕೈಯಲ್ಲಿ ನಾಟಿ ಮಾಡುತ್ತಿದ್ದರು. ಬೆನ್ನು ಪೂರ್ತಿ ಬಾಗಿದೆ. ಗೈಡ್‌ಗೆ ಅವರ ಪರಿಚಯ. ನಾವಾಗಿಯೇ ಹೋಗಿದ್ದರೆ ಒಂದು ಫೋಟೊ ತೆಗೆದು ಮುಂದೆ ಹೋಗುತ್ತಿದ್ದೆವು, ಅಷ್ಟೇ. ಅಜ್ಜಿ ಬದುವಿನ ಮೇಲೆ ಕೂತು ನನ್ನ ವಯಸ್ಸು ಕೇಳಿದರು. ಹೇಳಿದೆ. ‘ಇನ್ನೂ ಹುಡುಗಿ’ ಅಂದರಂತೆ. ಆಮೇಲೆ ಏನೋ ಕೇಳಿದರು, ಗೈಡ್ ನಗುತ್ತಾ ಅನುವಾದ ಮಾಡಿದ: ಬೆವರು ಸುರಿಸೋದಕ್ಕೆ ಇಷ್ಟು ದೂರ ಬರಬೇಕಿತ್ತಾ? ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ಪ್ರಶ್ನೆ: ನನಗೆ 61. ಮಂಡಿ ಸ್ವಲ್ಪ ತಕರಾರು ಮಾಡುತ್ತದೆ. ಸೈಕಲ್ ಮುಟ್ಟಿ ಇಪ್ಪತ್ತು ವರ್ಷ ಆಯಿತು. ಧೈರ್ಯ ಮಾಡಬಹುದಾ?

ಉತ್ತರ: ಮಂಡಿಯ ಮಾತನ್ನು ಮೊದಲು ಡಾಕ್ಟರ ಹತ್ತಿರ ಆಡಿ. ಅವರು ಹೂಂ ಅಂದರೆ ಇ-ಬೈಕ್ ಕೇಳಿ. ನಾನು ತುಳಿದದ್ದು ಅದನ್ನೇ, ಹೇಳಿಕೊಳ್ಳಲು ನಾಚಿಕೆ ಇಲ್ಲ. ಅದು ತಾನಾಗಿ ಓಡುವ ಗಾಡಿ ಅಲ್ಲ. ಜಪಾನಿನ ಕಾನೂನಿನ ಪ್ರಕಾರ ನೀವು ತುಳಿದರೆ ಮಾತ್ರ ಮೋಟಾರು ಕೈ ಜೋಡಿಸುತ್ತದೆ. ಅದೂ ಗಂಟೆಗೆ 24 ಕಿಲೋಮೀಟರ್ ವೇಗದವರೆಗೆ ಮಾತ್ರ. ನಿಧಾನವಾಗಿ ಏರು ಹತ್ತುವಾಗ ಜಾಸ್ತಿ ಸಹಾಯ, ವೇಗ ಹೆಚ್ಚಿದ ಹಾಗೆ ಕಡಿಮೆ. ಮಂಡಿಗೆ ಬೇಕಾದದ್ದೂ ಅದೇ ಅಲ್ವಾ.

ಸೇತುವೆಗಳಿಗೆ ಹತ್ತುವ ಸೈಕಲ್ ದಾರಿ ಹಾವಿನಂತೆ ಸುತ್ತಿಕೊಂಡು ಹೋಗುತ್ತದೆ. ನೂರು ಮೀಟರ್ ಹೋದರೆ ಮೂರು ಮೀಟರ್ ಏರು, ಹೆಚ್ಚುಕಮ್ಮಿ ಅಷ್ಟೇ. ನಮ್ಮ ಟೂರಿನಲ್ಲಿ ದಿನಕ್ಕೆ 30ರಿಂದ 40 ಕಿಲೋಮೀಟರ್. ಸಾಕಾದರೆ ಸೈಕಲ್ ಸಮೇತ ವ್ಯಾನ್ ಹತ್ತಬಹುದು. ನಾಲ್ಕನೇ ದಿನ ಮಧ್ಯಾಹ್ನ ನಾನು ಹತ್ತಿದೆ. ಕಾರಣ ಮಂಡಿ ಅಲ್ಲ, ಸೀಟು. ಹೊರಡುವ ಮೊದಲು ಎರಡು ತಿಂಗಳು ದಿನಾ ಒಂದು ಗಂಟೆ ಸೈಕಲ್ ಮೇಲೆ ಕೂತು ಅಭ್ಯಾಸ ಮಾಡಿ. ಕಾಲಿಗಲ್ಲ, ಕೂರುವ ಜಾಗಕ್ಕೆ. ಮೆತ್ತೆ ಇರುವ ಸೈಕ್ಲಿಂಗ್ ಚಡ್ಡಿ ಎರಡು ಜೊತೆ ಬೇಕೇ ಬೇಕು.

ಪ್ರಶ್ನೆ: ಎತ್ತರ ಅಂದರೆ ಕೈಕಾಲು ನಡುಗುತ್ತವೆ. ಆ ಸೇತುವೆಗಳ ಮೇಲೆ ಹೇಗೆ?

ಉತ್ತರ: ಸೈಕಲ್‌ಗೆ ಬೇರೆಯೇ ದಾರಿ ಇದೆ, ಪಕ್ಕದಲ್ಲಿ ಬೇಲಿ ಇದೆ. ಇನ್ನೊಶಿಮಾ ಸೇತುವೆಯಲ್ಲಂತೂ ಕಾರುಗಳು ನಮ್ಮ ತಲೆಯ ಮೇಲೆ ಹೋಗುತ್ತವೆ, ನಾವು ಕೆಳಗಿನ ಅಂತಸ್ತಿನಲ್ಲಿ. ಕೊನೆಯ ಕುರುಶಿಮಾ ಸೇತುವೆ ಮಾತ್ರ ಸುಮಾರು 4 ಕಿಲೋಮೀಟರ್, ಮೂರು ತೂಗು ಸೇತುವೆಗಳನ್ನು ಸಾಲಾಗಿ ಕಟ್ಟಿದ್ದು. ಅಲ್ಲಿ ಕೆಳಗೆ ನೋಡಬೇಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ನೋಡಿ ಅಂತೀನಿ. ನೀರು ಸುಳಿ ಸುಳಿಯಾಗಿ ತಿರುಗುತ್ತಿರುತ್ತದೆ. ಹರಿವಿನ ಜೊತೆ ಹೋಗುವ ಹಡಗು ನಡುವಿನ ಹಾದಿಯಲ್ಲಿ ಹೋಗಬೇಕು, ಹರಿವಿಗೆ ಎದುರಾಗಿ ಬರುವುದು ಪಶ್ಚಿಮದ ಹಾದಿಯಲ್ಲಿ. ಹರಿವು ದಿಕ್ಕು ಬದಲಿಸಿದಾಗ ಹಡಗುಗಳೂ ಹಾದಿ ಬದಲಿಸುತ್ತವೆ. ಯಾವ ಹಡಗು ಎತ್ತ ಹೋಗುತ್ತದೆ ಅಂತ ಊಹಿಸುತ್ತಾ ನಿಂತೆ. ಭಯ ಮರೆತೇಹೋಗಿತ್ತು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಜಪಾನಿನ ಹಳ್ಳಿಯಲ್ಲಿ ಉಪವಾಸವೇ ಗತಿಯಾ? (ಈ ಪ್ರಶ್ನೆ ಕೇಳಿದವರೇ ಎಲ್ಲರಿಗಿಂತ ಜಾಸ್ತಿ.)

ಉತ್ತರ: ಮಾಂಸ ಬೇಡ, ಮೀನು ಬೇಡ ಅಂದರೆ ಸಾಲದು. ‘ದಾಶಿ’ ಬೇಡ ಅನ್ನಬೇಕು. ದಾಶಿ ಅಂದರೆ ಅಡುಗೆಗೆಲ್ಲ ಹಾಕುವ ರಸ. ಸಾಮಾನ್ಯವಾಗಿ ಬೊನಿಟೊ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗಿ ಒಣಗಿಸಿ, ಆಮೇಲೆ ತೆಳ್ಳಗೆ ಹೆರೆದು ಮಾಡುತ್ತಾರೆ. ಮಿಸೊ ಸಾರಿಗೂ ಅದೇ, ಬೇಯಿಸಿದ ತರಕಾರಿಗೂ ಅದೇ, ಕೆಲವು ಕಡೆ ಆಮ್ಲೆಟ್ಟಿಗೂ ಅದೇ. ಮೊದಲ ಮಧ್ಯಾಹ್ನ ನನ್ನ ಮುಂದೆ ಸೋಬಾ ಬಂತು. ಬಕ್‌ವೀಟ್ ಎಂಬ ಕಾಳಿನ ಶಾವಿಗೆ. ತಿಳಿಯಾದ ಸಾರು, ಮೇಲೆ ನಾಲ್ಕು ಚೂರು ಈರುಳ್ಳಿ ಸೊಪ್ಪು. ಇದಕ್ಕಿಂತ ಸಾತ್ವಿಕ ಊಟ ಉಂಟೇ ಅಂತ ಚಮಚ ಎತ್ತಿದೆ. ಗೈಡ್ ನನ್ನ ಬಟ್ಟಲನ್ನೇ ಬೇಸರದಿಂದ ನೋಡುತ್ತಿದ್ದ. ಅರ್ಥವಾಯಿತು. ಚಮಚ ಇಳಿಸಿದೆ.

ಟೂರ್ ಬುಕ್ ಮಾಡುವಾಗಲೇ ಬರೆದು ತಿಳಿಸಿ. ಊಟದ ಮುಂದೆ ಕೂತು ಹೇಳಿದರೆ ಆತಿಥ್ಯ ಮಾಡುವವರಿಗೆ ಮುಜುಗರ, ನಿಮಗೆ ಹಸಿವು. ಮೊದಲೇ ತಿಳಿದರೆ ಕೊಂಬು ಎಂಬ ಕಡಲ ಪಾಚಿಯಿಂದಲೋ ಒಣಗಿಸಿದ ಶಿಟಾಕೆ ಅಣಬೆಯಿಂದಲೋ ದಾಶಿ ಮಾಡುತ್ತಾರೆ. ದೇವಾಲಯಗಳ ‘ಶೋಜಿನ್ ರ್ಯೋರಿ’ ಅಡುಗೆಯ ಪದ್ಧತಿಯೇ ಅದು, ಅವರಿಗೆ ಹೊಸದಲ್ಲ. ನಮಗೆ ಎರಡನೇ ರಾತ್ರಿಯಿಂದ ಎಳ್ಳಿನ ತೋಫು, ಕಾಡಿನ ಸೊಪ್ಪುಗಳ ತೆಂಪುರಾ (ಹಿಟ್ಟಿನಲ್ಲಿ ಅದ್ದಿ ಕರಿದದ್ದು), ಉಪ್ಪಿನಕಾಯಿ, ಅನ್ನ ಸಿಕ್ಕಿತು. ತೆಂಪುರಾವನ್ನು ಉಪ್ಪಿನಲ್ಲಿ ಅದ್ದಿ ತಿನ್ನಿ, ಜೊತೆಗೆ ಕೊಡುವ ರಸದಲ್ಲಿ ಮತ್ತೆ ದಾಶಿ ಇರುತ್ತದೆ. ದಾರಿಯಲ್ಲಿ ಹಸಿವಾದರೆ ಬರೀ ಉಪ್ಪಿನ ಅನ್ನದ ಉಂಡೆ, ಬಾಳೆಹಣ್ಣು. ಬೇರೆ ಬಗೆಯ ಅನ್ನದುಂಡೆ ಆದರೆ ಲೇಬಲ್ಲನ್ನು ಗೈಡ್ ಕೈಲಿ ಓದಿಸಿ. ಚಟ್ನಿಪುಡಿ ಒಯ್ದಿದ್ದೆ. ಗುಂಪಿನವರೇ ಮುಗಿಸಿದರು.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು?

ಉತ್ತರ: ನನ್ನ ಮಟ್ಟಿಗೆ ಮೇ ತಿಂಗಳ ಎರಡನೇ ಭಾಗ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಸಾಲು ರಜೆ ಮುಗಿದಿರುತ್ತದೆ. ಹಿದಾದ ಗದ್ದೆಗಳಲ್ಲಿ ನೀರು ನಿಂತಿರುತ್ತದೆ, ಬೆಟ್ಟ ತಲೆಕೆಳಗಾಗಿ ಕಾಣುತ್ತದೆ. ಶಿಮಾನಾಮಿಯ ದ್ವೀಪಗಳಲ್ಲಿ ಕಿತ್ತಳೆ ಜಾತಿಯ ತೋಟಗಳು ಹೂ ಬಿಟ್ಟಿರುತ್ತವೆ, ಮೈಲಿಗಟ್ಟಲೆ ಅದೇ ಪರಿಮಳ. ಜೂನ್‌ನಲ್ಲಿ ಮಳೆ ಶುರು. ಆಗಸ್ಟ್ ಸೆಕೆ. ಸೆಪ್ಟೆಂಬರ್ ಅಂದರೆ ಚಂಡಮಾರುತದ ಭಯ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮತ್ತೆ ಚೆನ್ನ.

ಪ್ರಶ್ನೆ: ನನ್ನದೇ ಸೈಕಲ್ ಒಯ್ಯಬಹುದಾ?

ಉತ್ತರ: ಒಯ್ಯಬಹುದು. ಆದರೆ ಅಲ್ಲಿ ರೈಲಿಗೆ ಹತ್ತಿಸಬೇಕಾದರೆ ಚಕ್ರ ಬಿಚ್ಚಿ ‘ರಿಂಕೊ’ ಚೀಲದೊಳಗೆ ತುಂಬಬೇಕು. ಒಂದು ಮೂಲೆಯೂ ಹೊರಗೆ ಇಣುಕಬಾರದು. ಗೈಡ್ ಟೂರಿನಲ್ಲಿ ಸೈಕಲ್ ಅವರೇ ಕೊಡುತ್ತಾರೆ. ನಿಮ್ಮ ಎತ್ತರ ಮೊದಲೇ ತಿಳಿಸಿ, ಸಾಕು.

ಪ್ರಶ್ನೆ: ಬಿಸಿನೀರಿನ ಸ್ನಾನಕ್ಕೆ ಬಟ್ಟೆ ಇಲ್ಲದೆ ಎಲ್ಲರೊಟ್ಟಿಗೆ ಇಳಿಯಬೇಕಂತೆ. ನೀವು ಇಳಿದಿರಾ? ನಿಜ ಹೇಳಿ.

ಉತ್ತರ: ಮೊದಲ ಸಂಜೆ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಎರಡನೇ ಸಂಜೆ ತೊಡೆ ಎಷ್ಟು ನೋಯುತ್ತಿತ್ತೆಂದರೆ ನಾಚಿಕೆ ಬಿಟ್ಟುಹೋಯಿತು. ಹೆಂಗಸರಿಗೇ ಬೇರೆ, ಗಂಡಸರಿಗೇ ಬೇರೆ ಇರುತ್ತದೆ. ಮೊದಲು ಗಿಡ್ಡ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಳ್ಳಬೇಕು. ತೊಟ್ಟಿಗೆ ಇಳಿಯುವುದು ಆಮೇಲೆ. ಚಿಕ್ಕ ಟವೆಲ್ ನೀರಿಗೆ ತಾಗಬಾರದು, ತಲೆಯ ಮೇಲೆ ಮಡಿಸಿ ಇಟ್ಟುಕೊಳ್ಳುತ್ತಾರೆ. ಯಾರೂ ಯಾರನ್ನೂ ನೋಡುವುದಿಲ್ಲ. ಎಲ್ಲರೂ ಕಣ್ಣು ಮುಚ್ಚಿರುತ್ತಾರೆ. ಹಚ್ಚೆ ಇದ್ದರೆ ಕೆಲವು ಕಡೆ ಬಿಡುವುದಿಲ್ಲ, ಮೊದಲೇ ಕೇಳಿ.

ಹೊರಗೆ ಬಂದ ಮೇಲೆ ಯುಕಾತಾ ಎಂಬ ನಿಲುವಂಗಿ ಉಡುತ್ತಾರೆ. ನಾನು ಬಲಗಡೆ ಅಂಚನ್ನು ಮೇಲೆ ತಂದು ಕಟ್ಟಿಕೊಂಡು ಊಟಕ್ಕೆ ನಡೆದೆ. ಛತ್ರದ ಯಜಮಾನಿ ಓಡಿಬಂದು, ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ, ಬಿಚ್ಚಿ ಮತ್ತೆ ಕಟ್ಟಿದರು. ಎಡಗಡೆಯದೇ ಮೇಲೆ ಬರಬೇಕು. ಬಲಗಡೆ ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ.

ಪ್ರಶ್ನೆ: ಒಮ್ಮೆಯೂ ಬೀಳಲಿಲ್ಲವಾ? ಬಿದ್ದ ವಿಷಯ ಬರೆದಿಲ್ಲ.

ಉತ್ತರ: ಬಿದ್ದೆ. ಬೇಕಂತಲೇ ಬರೆದಿರಲಿಲ್ಲ. ಅಲ್ಲಿ ಹಳ್ಳಿ ರಸ್ತೆಯ ಅಂಚಿಗೆ ಕಾಂಕ್ರೀಟಿನ ಮೋರಿ ಇರುತ್ತದೆ, ಎಷ್ಟೋ ಕಡೆ ಮುಚ್ಚಳ ಇಲ್ಲ. ಗದ್ದೆಯ ನೀರು ಹರಿಯುವ ಮೋರಿ, ಕೊಳಕಲ್ಲ. ಬಲಗಡೆ ಗದ್ದೆಯಲ್ಲಿ ಒಂದು ಬಕಪಕ್ಷಿ ನಿಂತಿತ್ತು. ಅದನ್ನೇ ನೋಡುತ್ತಾ ಹೋದೆ. ವಾಹನಗಳು ಅಲ್ಲಿ ರಸ್ತೆಯ ಎಡಗಡೆ ಹೋಗುತ್ತವೆ, ಸೈಕಲ್ಲೂ ಹಾಗೇ. ಹಾಗಾಗಿ ಎಡಗಡೆ ಮೋರಿ ನನ್ನನ್ನು ಕಾಯುತ್ತಿತ್ತು. ಮುಂದಿನ ಚಕ್ರ ಇಳಿಯಿತು, ನಾನು ಹಾರಿ ಹುಲ್ಲಿನ ಮೇಲೆ ಬಿದ್ದೆ. ಮೊಣಕೈ ತರಚಿತು, ಹೆಲ್ಮೆಟ್ಟಿಗೆ ಗೀರು ಬಿತ್ತು. ಹಿಂದೆ ಸಣ್ಣ ಬಿಳಿ ಟ್ರಕ್ಕಿನಲ್ಲಿ ಬರುತ್ತಿದ್ದ ತಾತ ಇಳಿದು ಬಂದು, ಮೊದಲು ನನ್ನನ್ನಲ್ಲ, ಮೋರಿಯನ್ನು ಬೈದರು.

ಪಕ್ಷಿ ಕದಲಲೇ ಇಲ್ಲ.

ಉಳಿದಂತೆ ನಿಯಮಗಳು ಬಿಗಿ. ಇಬ್ಬರು ಪಕ್ಕಪಕ್ಕ ತುಳಿಯುವ ಹಾಗಿಲ್ಲ. ಫೋನ್ ಹಿಡಿದು ತುಳಿಯುವುದಕ್ಕೆ 2024ರ ನವೆಂಬರ್‌ನಿಂದ ಶಿಕ್ಷೆ ಜೋರಾಗಿದೆ. ಕುಡಿದು ಸೈಕಲ್ ಹತ್ತುವುದು ಅಪರಾಧ. ಫುರುಕಾವಾದಲ್ಲಿ ಸಾಕೆ ಎಂಬ ಅಕ್ಕಿಯ ಮದ್ಯದ ಭಟ್ಟಿಗಳ ಬಾಗಿಲಿಗೆ ದೇವದಾರು ಸೊಪ್ಪಿನ ದೊಡ್ಡ ಚೆಂಡು ತೂಗುಬಿಟ್ಟಿರುತ್ತಾರೆ. ಹಸಿರಾಗಿದ್ದರೆ ಹೊಸ ಸಾಕೆ ಬಂದಿದೆ ಅಂತ. ಗುಂಪಿನ ಗಂಡಸರು ಅದನ್ನು ನೋಡುತ್ತಾ ಮೂರು ಸಲ ಹಾದು ಹೋದರು. ಗೈಡ್ ಸೈಕಲ್‌ಗೆಲ್ಲ ಬೀಗ ಹಾಕಿದ ಮೇಲೆಯೇ ಒಳಗೆ ಬಿಟ್ಟ.

ಪ್ರಶ್ನೆ: ಎಲ್ಲ ಚಂದ ಅಂತ ಬರೆಯುತ್ತೀರಿ. ಬೇಸರ ತಂದದ್ದು ಏನೂ ಇಲ್ಲವಾ?

ಉತ್ತರ: ಇದೆ. ಒಂದು ಮಧ್ಯಾಹ್ನ ಪೂರ್ತಿ ನಮ್ಮನ್ನು ಒಂದು ದೊಡ್ಡ ಉಡುಗೊರೆ ಅಂಗಡಿಯಲ್ಲಿ ಕಳೆಯುವಂತೆ ಮಾಡಿದರು. ಕಾರ್ಯಕ್ರಮದ ಹಾಳೆಯಲ್ಲಿ ‘ಗ್ರಾಮ ಜೀವನ’ ಅಂತಿತ್ತು. ಕಂಪನಿಗೆ ಬರೆದು ಹೇಳಿದ್ದೇನೆ.

ಇನ್ನೊಂದು, ಯಾರ ತಪ್ಪೂ ಅಲ್ಲ. ಹಿದಾದ ಕಣಿವೆಯಲ್ಲಿ ಮನೆಗಳು ಚೊಕ್ಕಟವಾಗಿವೆ, ಆದರೆ ಎಷ್ಟೋ ಮನೆಗಳ ಕಿಟಕಿ ಮುಚ್ಚಿದೆ. ಇರುವವರೆಲ್ಲ ವಯಸ್ಸಾದವರು. ರಸ್ತೆ ಬದಿ ಯಾರೂ ಕಾಯದ ತರಕಾರಿ ಗೂಡು, 100 ಯೆನ್ ನಾಣ್ಯ ಹಾಕುವ ಡಬ್ಬಿ. ನಾವು ಮೂಲಂಗಿ ಕೊಂಡೆವು, ಹಸಿಯಾಗಿಯೇ ತಿಂದೆವು. ಅಲ್ಲೇ ನಿಂತಿದ್ದಾಗ ಸಂಜೆ ಐದಕ್ಕೆ ಕಂಬದ ಮೇಲಿನ ಲೌಡ್‌ಸ್ಪೀಕರಿನಿಂದ ನಿಧಾನವಾದ ಒಂದು ರಾಗ ಬಂತು. ಭೂಕಂಪ, ಪ್ರವಾಹ ಬಂದಾಗ ಎಚ್ಚರಿಸುವ ಸ್ಪೀಕರ್ ಅದು. ಸರಿಯಿದೆಯಾ ಅಂತ ದಿನಾ ಹೀಗೆ ನೋಡುತ್ತಾರೆ. ಮಕ್ಕಳು ಆಟ ಬಿಟ್ಟು ಮನೆಗೆ ಹೋಗಲಿ ಅಂತಲೂ ಹೌದು ಅಂದ ಗೈಡ್. ಸುತ್ತ ನೋಡಿದೆ. ಒಂದು ಮಗುವೂ ಇರಲಿಲ್ಲ.

ಪ್ರಶ್ನೆ: ಮತ್ತೆ ಹೋಗುತ್ತೀರಾ?

ಉತ್ತರ: ದುಡ್ಡು ಕೂಡಿಸುತ್ತಿದ್ದೇನೆ. ಈ ಸಲ ಶಿಗಾ ಪ್ರಾಂತ್ಯದ ಬಿವಾ ಸರೋವರ, ಸುತ್ತಲೂ ಒಂದು ಸುತ್ತು, ಸುಮಾರು 200 ಕಿಲೋಮೀಟರ್. ಅಪ್ರದಕ್ಷಿಣೆಯಾಗಿ ತುಳಿಯುತ್ತಾರೆ, ಆಗ ನೀರು ಯಾವಾಗಲೂ ಎಡಗಡೆಗೇ ಇರುತ್ತದೆ. ಬಕಪಕ್ಷಿಯೂ ಎಡಗಡೆಗೇ ಇರುತ್ತದೆ ಅಂದುಕೊಂಡಿದ್ದೇನೆ.