ಒಲೆ ಹಚ್ಚದ ಟ್ರೆಕ್‌ಗೆ ಹಗುರವಾದ ಬುತ್ತಿ ಯಾವುದು?

ಘಟ್ಟದಲ್ಲಿ ಎರಡು ರಾತ್ರಿ ಟೆಂಟ್, ಬೆಂಕಿ ಹಚ್ಚುವಂತಿಲ್ಲ, ಬ್ಯಾಗ್ ಭಾರ ಆಗಬಾರದು, ರೆಡಿ ಟು ಈಟ್ ಪ್ಯಾಕೆಟ್ ತಗೊಳ್ಳಲಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಬೇಡ. ಆ ಪಲ್ಯ, ಗ್ರೇವಿ ಪ್ಯಾಕೆಟ್ಟುಗಳಲ್ಲಿ ಬಹುಪಾಲು ನೀರೇ. ದುಡ್ಡು ಕೊಟ್ಟು ನೀರು ಹೊತ್ತಂತೆ. ಅನ್ನದ ಕಥೆಯೂ ಅಷ್ಟೇ: 100 ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲೊರಿ, ಅಷ್ಟೇ ತೂಕದ ಒಣ ಅವಲಕ್ಕಿಯಲ್ಲಿ 350ರ ಹತ್ತಿರ, ಶೇಂಗಾದಲ್ಲಿ 550ಕ್ಕೂ ಜಾಸ್ತಿ.

ನನ್ನ ಬ್ಯಾಗಿನಲ್ಲಿ ಮೊದಲ ಜಾಗ ಗೊಜ್ಜವಲಕ್ಕಿಗೆ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ರವೆಯಷ್ಟು ತರಿ ಮಾಡಿಕೊಳ್ಳಿ. ಪುಳಿಯೋಗರೆ ಗೊಜ್ಜನ್ನು ಎಣ್ಣೆ ಬಿಡುವ ತನಕ ಕುದಿಸಿ, ಆರಿಸಿ, ಚಿಕ್ಕ ಡಬ್ಬಿಗೆ ತುಂಬಿ. ಕ್ಯಾಂಪಿನಲ್ಲಿ ತರಿಗೆ ತಣ್ಣೀರು ಚಿಮುಕಿಸಿ ಹದಿನೈದು ನಿಮಿಷ ಮುಚ್ಚಿಟ್ಟರೆ ಉದುರುದುರಾಗಿ ಅರಳುತ್ತದೆ. ಗೊಜ್ಜು ಕಲಸಿ, ಹುರಿದ ಶೇಂಗಾ ಹಾಕಿದರೆ ರಾತ್ರಿ ಊಟ ಆಯಿತು. ನೀರು ಮಾತ್ರ ಒಮ್ಮೆಲೇ ಸುರಿಯಬೇಡಿ, ಮುದ್ದೆಯಾಗುತ್ತದೆ. ಪೇಪರ್ ಅವಲಕ್ಕಿ ಬೇಗ ನೆನೆಯುತ್ತದೆ ನಿಜ, ಆದರೆ ಅರ್ಧ ಬ್ಯಾಗು ಅದೇ ನುಂಗುತ್ತದೆ. ಮಂಡಕ್ಕಿಯೂ ಹಾಗೇ. ಹಗುರ ಅಂತ ತಗೊಂಡು ಹೋಗ್ತಾರೆ, ಹೊಟ್ಟೆ ತುಂಬಬೇಕಲ್ಲ!

ಬೆಳಗ್ಗೆಗೆ ರಾಗಿ ಹುರಿಹಿಟ್ಟು. ರಾಗಿ ಅರಳಿಸಿ ಬೀಸಿದ ಹಿಟ್ಟಾದ್ದರಿಂದ ಬೇಯಿಸುವ ಕೆಲಸ ಇಲ್ಲ. ಬೆಲ್ಲದ ಪುಡಿ, ಹಾಲಿನ ಪುಡಿ, ಏಲಕ್ಕಿ ಮನೆಯಲ್ಲೇ ಬೆರೆಸಿ ಒಂದೊಂದು ಹೊತ್ತಿಗೆ ಒಂದೊಂದು ಪೊಟ್ಟಣ ಕಟ್ಟಿಕೊಳ್ಳಿ.

ಮಧ್ಯಾಹ್ನಕ್ಕೆ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಚಿಕ್ಕ ಬಾಟಲಿಯಲ್ಲಿ ತುಪ್ಪ. ರೊಟ್ಟಿ ಬ್ಯಾಗಿನಲ್ಲಿ ಮುರಿದೇ ಮುರಿಯುತ್ತದೆ. ಮುರಿಯಲಿ ಬಿಡಿ, ಹೇಗೂ ಮುರಿದೇ ತಿನ್ನುವುದಲ್ವಾ? ನಡೆಯುವಾಗ ಜೇಬಿನಲ್ಲಿ ಖರ್ಜೂರ, ಚಿಕ್ಕಿ ಇರಲಿ. ಖಾರದ ಚಿಪ್ಸ್ ಬೇಡ, ಸುಮ್ನೆ ಬಾಯಾರಿಕೆ.

ಒಟ್ಟು ಎಷ್ಟು ಅಂದರೆ, ಒಬ್ಬರಿಗೆ ದಿನಕ್ಕೆ 600-700 ಗ್ರಾಂ ಒಣ ಪದಾರ್ಥ ಸಾಕು.

ಈ ಲೆಕ್ಕವೆಲ್ಲ ನಿಂತಿರುವುದು ನೀರಿನ ಮೇಲೆ. ಕ್ಯಾಂಪಿನ ಹತ್ತಿರ ನೀರಿದ್ದರೆ ಮಾತ್ರ ಒಣ ಆಹಾರದಿಂದ ಭಾರ ಉಳಿಯುತ್ತದೆ. ಇಲ್ಲದಿದ್ದರೆ ಅವಲಕ್ಕಿ ನೆನೆಸುವ ನೀರನ್ನೂ ನೀವೇ ಹೊರಬೇಕು, ಲೀಟರಿಗೆ ಒಂದು ಕೆಜಿ. ಬೇಸಿಗೆ ಹತ್ತಿರ ಬಂದಂತೆ ಘಟ್ಟದ ಸಣ್ಣ ತೊರೆಗಳು ಎಷ್ಟೋ ಕಡೆ ಬತ್ತಿಹೋಗುತ್ತವೆ. ಹಾಗಾದರೆ ಗೊಜ್ಜವಲಕ್ಕಿ ಕಡಿಮೆ ಮಾಡಿ ರೊಟ್ಟಿ, ಖರ್ಜೂರ, ಚಿಕ್ಕಿ ಜಾಸ್ತಿ ಮಾಡಿಕೊಳ್ಳಿ. ಹೊರಡುವ ಹಿಂದಿನ ದಿನ ಗೈಡಿಗೆ ಫೋನ್ ಮಾಡಿ, ಹಾದಿಯಲ್ಲಿ ಎಲ್ಲೆಲ್ಲಿ ನೀರಿದೆ ಅಂತ ಕೇಳಿಕೊಂಡೇ ಬ್ಯಾಗ್ ಕಟ್ಟಿ.