ಆ್ಯಪ್ ಬರೆಯುವ ಸ್ವಿಫ್ಟ್ ಭಾಷೆಯಲ್ಲಿ ಎಲ್ಲ ಕ್ಲೋಶರ್‌ಗೂ (ಬೇರೆಡೆಗೆ ಕೊಟ್ಟು ಓಡಿಸಬಹುದಾದ ಕೋಡ್ ತುಣುಕು) ವೀಕ್ ಸೆಲ್ಫ್ ಬೇಕಾ?

ಬೇಡ. ನಿಮ್ಮ ಮಡಿಕೇರಿ ಮಳೆ ಲೆಕ್ಕದ ಆ್ಯಪ್‌ನಲ್ಲಿ ಸ್ಕ್ರೀನ್ ಮುಚ್ಚಿದರೂ ಮೆಮೊರಿ ಖಾಲಿಯಾಗುತ್ತಿಲ್ಲ ಅಂದಿರಿ, ಅಲ್ವಾ? ಸ್ಕ್ರೀನ್ ತಾನೇ ಇಟ್ಟುಕೊಂಡ ಕ್ಲೋಶರ್ ಒಳಗೆ ಸೆಲ್ಫ್, ಅಂದರೆ ಆ ಸ್ಕ್ರೀನೇ, ಇದೆಯಾ ನೋಡಿ. ಅಲ್ಲಿ ವೀಕ್, ಅಂದರೆ ಸಡಿಲ ಹಿಡಿತ, ಬೇಕೇ ಬೇಕು.

ಸ್ಕ್ರೀನ್‌ನಂಥ ಒಂದು ಆಬ್ಜೆಕ್ಟನ್ನು ಎಷ್ಟು ಕಡೆಯಿಂದ ಗಟ್ಟಿಯಾಗಿ ಹಿಡಿದಿದೆ ಎಂದು ಸ್ವಿಫ್ಟ್ ಎಣಿಸುತ್ತದೆ. ಎಣಿಕೆ 0 ಆದಾಗಲೇ ಬಿಡುಗಡೆ. ಸ್ಕ್ರೀನ್ ಕ್ಲೋಶರನ್ನು, ಕ್ಲೋಶರ್ ಸ್ಕ್ರೀನನ್ನು ಹಿಡಿದು ಕೂತರೆ ಅದು 0 ಆಗುವುದೇ ಇಲ್ಲ. ಕಾಳುಮೆಣಸಿನ ಬಳ್ಳಿ ಮರವನ್ನು ತಬ್ಬಿದ್ದರೂ ಮರ ಬಳ್ಳಿಯನ್ನು ಹಿಡಿದಿರುವುದಿಲ್ಲ. ಇಲ್ಲಿಯೂ ಗಟ್ಟಿ ಹಿಡಿತ ಒಂದೇ ಕಡೆಯಿಂದ ಇರಬೇಕು.

ವೀಕ್ ಹಿಡಿತ ಎಣಿಕೆಗೆ ಸೇರುವುದಿಲ್ಲ. ಸ್ಕ್ರೀನ್ ಹೋದರೆ ಸೆಲ್ಫ್ ನಿಲ್ (ಖಾಲಿ) ಆಗುತ್ತದೆ, ಹಾಗಾಗಿ ಕ್ಲೋಶರ್ ಒಳಗೆ ಮೊದಲು ಅದು ಇನ್ನೂ ಇದೆಯಾ ಎಂದು ನೋಡುವ ಗಾರ್ಡ್ ಲೆಟ್ ಹಾಕಿ. ಅರೇಯ (ಪಟ್ಟಿಯ) ಮ್ಯಾಪ್, ಫಿಲ್ಟರ್‌ಗೆ ಕೊಟ್ಟ ಕ್ಲೋಶರ್ ಅಲ್ಲೇ ತಕ್ಷಣ ಓಡಿ ಮುಗಿಯುತ್ತದೆ. ಅದಕ್ಕೆ ಇದೇನೂ ಬೇಡ.